ಹೆಸರಿಲ್ಲದ ರಕ್ತ ಸಾಕ್ಷಿ ಹೇಳದು

ಪುಣೆಯ ಶಿವಾಜಿನಗರದಿಂದ ಸಂಗಮ ಸೇತುವೆಯ ಕಡೆಗೆ ಹೋಗಿಬರುವವರಿಗೆಲ್ಲ ಇಂಜಿನಿಯರಿಂಗ್ ಕಾಲೇಜಿನ ಹಳೆಯ ಕಲ್ಲುಕಟ್ಟಡ ಪರಿಚಿತವೇ. ನಮ್ಮ ಸಂಘದ ಸದಸ್ಯರಲ್ಲಿ ಕೆಲವರ ಮಕ್ಕಳು ಅಲ್ಲಿ ಓದಿದ್ದಾರೆ. ಸೀಟು ಸಿಗದೆ ನಿಟ್ಟುಸಿರು ಬಿಟ್ಟವರೂ ಇದ್ದಾರೆ. ನಾವಂತೂ ಕಚೇರಿಗೆ ಹೋಗುವ ಬಸ್ಸಿನ ಕಿಟಕಿಯಿಂದ ಅದನ್ನು ವರ್ಷಗಟ್ಟಲೆ ನೋಡುತ್ತ ಬಂದಿದ್ದೇವೆ. ಆದರೆ ಬಿಜಾಪುರ ಸೀಮೆಯ ನಮ್ಮ ಹಳ್ಳಿಯ ದನದ ಕೊಟ್ಟಿಗೆಗೂ ಈ ಆವರಣಕ್ಕೂ ಒಂದು ನಂಟು ಉಂಟೆಂಬುದು ನಮಗೆ ತಿಳಿದದ್ದು ತೀರ ಈಚೆಗೆ. ಆ ನಂಟಿನ ಕಥೆಯನ್ನೇ ಈ ತಿಂಗಳು ವಾಚಕರ ಮುಂದಿಡಬಯಸುತ್ತೇವೆ. ಅದು ದನಗಳ ಒಂದು ಮಹಾಮಾರಿಯ ಕಥೆ. ಅದಕ್ಕಿಂತ ಹೆಚ್ಚಾಗಿ, ಆ ಮಾರಿ ಹೋಯಿತೆಂದು ಜಗತ್ತನ್ನು ನಂಬಿಸಿದ ಸಣ್ಣ ಸಣ್ಣ ರಕ್ತದ ನಳಿಕೆಗಳ ಕಥೆ.

1889ರ ಡಿಸೆಂಬರಿನಲ್ಲಿ, ಆಗ ಕಾಲೇಜ್ ಆಫ್ ಸೈನ್ಸ್ ಎಂದು ಕರೆಸಿಕೊಳ್ಳುತ್ತಿದ್ದ ಇದೇ ಕಾಲೇಜಿನಲ್ಲಿ ಸರ್ಕಾರವು ಇಂಪೀರಿಯಲ್ ಬ್ಯಾಕ್ಟೀರಿಯಾಲಜಿಕಲ್ ಲೆಬೊರೇಟರಿಯನ್ನು ತೆರೆಯಿತು. ದನಕರುಗಳ ರೋಗಗಳನ್ನು ಶೋಧಿಸುವುದು ಅದರ ಕೆಲಸ. ಆಲ್‌ಫ್ರೆಡ್ ಲಿಂಗಾರ್ಡ್ ಎಂಬ ವಿಜ್ಞಾನಿ ಅದರ ಮೊದಲ ಮುಖ್ಯಸ್ಥರು. ಆಗ ನಮ್ಮ ಬಿಜಾಪುರ, ಧಾರವಾಡ, ಬೆಳಗಾವಿ ಜಿಲ್ಲೆಗಳೂ ಮುಂಬಯಿ ಪ್ರಾಂತದಲ್ಲೇ ಇದ್ದವೆಂಬುದನ್ನು ನೆನೆದರೆ, ಪುಣೆಯ ಆ ಪ್ರಯೋಗಶಾಲೆ ನಮಗೂ ಸೇರಿದ್ದೇ ಎನ್ನಬೇಕು. ಆದರೆ ಅದು ಬಹುಕಾಲ ಇಲ್ಲಿ ನಿಲ್ಲಲಿಲ್ಲ. ಜನವಸತಿಯ ನಡುವೆ ಭಯಂಕರ ರೋಗಾಣುಗಳನ್ನು ಇಟ್ಟುಕೊಳ್ಳುವುದು ಅಪಾಯಕರ, ಇಲ್ಲಿಯ ಸೆಕೆಯೂ ಈ ಕೆಲಸಕ್ಕೆ ಒಗ್ಗದು ಎಂದು 1893ರಲ್ಲಿ ಅದನ್ನು ಹಿಮಾಲಯದ ಕುಮಾವೂನ್ ಬೆಟ್ಟಗಳಲ್ಲಿರುವ ಮುಕ್ತೇಶ್ವರಕ್ಕೆ ಸಾಗಿಸಿದರು. ಇಂದಿನ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಮೂಲ ಅದೇ.

ಬ್ರಿಟಿಷ್ ಸರ್ಕಾರಕ್ಕೆ ದನಗಳ ಮೇಲೆ ಇಷ್ಟು ಕಾಳಜಿ ಹುಟ್ಟಿದ್ದೇಕೆ? ದನ ಸತ್ತರೆ ಬೇಸಾಯ ನಿಲ್ಲುತ್ತದೆ, ಬೇಸಾಯ ನಿಂತರೆ ಕಂದಾಯ ಬರುವುದಿಲ್ಲ, ಸೈನ್ಯದ ಗಾಡಿಯೂ ಹೋಗುವುದಿಲ್ಲ. ಹಾಲೆನ್ ಎಂಬುವರ ಅಧ್ಯಕ್ಷತೆಯ ಪಶುಮಾರಿ ಆಯೋಗವು 1871ರಲ್ಲಿ ಕೊಟ್ಟ ವರದಿಯು ಈ ನಷ್ಟವನ್ನು ಸರ್ಕಾರದ ಕಣ್ಣಿಗೆ ಕಟ್ಟಿತ್ತು. ಆಯೋಗವು ಬೆನ್ನುಹತ್ತಿದ ಮುಖ್ಯ ಶತ್ರು ಒಂದೇ. ಇಂಗ್ಲಿಷಿನವರು ಜರ್ಮನ್ ಭಾಷೆಯಿಂದ ತಂದುಕೊಂಡ ಹೆಸರು ರಿಂಡರ್‌ಪೆಸ್ಟ್. ನಮ್ಮ ಪುಸ್ತಕಗಳಲ್ಲಿ ದೊಡ್ಡರೋಗ. ನಮ್ಮ ಅಜ್ಜಿಯ ಬಾಯಲ್ಲಿ ಅದು ದೊಡ್ಡ ಬ್ಯಾನಿ.

ಅಜ್ಜಿಯ ಕೊಟ್ಟಿಗೆಯಲ್ಲಿ ಹನ್ನೊಂದು ಗೂಟಗಳಿದ್ದವು. ನಾವು ಕಂಡಂತೆ ಅಲ್ಲಿ ನಾಲ್ಕೈದಕ್ಕಿಂತ ಹೆಚ್ಚು ದನ ಇದ್ದದ್ದಿಲ್ಲ. ಹುಡುಗರಾಗಿದ್ದಾಗ ಖಾಲಿ ಗೂಟಗಳಿಗೆ ಎಡವಿ ಬಿದ್ದು, ಇವನ್ನು ಕಿತ್ತು ಹಾಕಬಾರದೆ ಎಂದು ಕೇಳಿದ್ದುಂಟು. ಅಜ್ಜಿ ಉತ್ತರ ಕೊಡುತ್ತಿರಲಿಲ್ಲ. ಒಮ್ಮೆ ಮಾತ್ರ ಹೇಳಿದರು. ಅವರು ಮದುವೆಯಾಗಿ ಬಂದ ಹೊಸತರಲ್ಲಿ ಊರಿಗೆ ದೊಡ್ಡ ಬ್ಯಾನಿ ಬಂತಂತೆ. ಮೊದಲು ಮೈ ಕಾವೇರಿ ದನ ಮೇವು ಬಿಟ್ಟಿತು. ಕಣ್ಣು ಮೂಗುಗಳಲ್ಲಿ ನೀರು, ಬಾಯಿಯೆಲ್ಲ ಹುಣ್ಣು, ಆಮೇಲೆ ನಾರುವ ಭೇದಿ. ವಾರ ಹತ್ತು ದಿನದಲ್ಲಿ ಹನ್ನೊಂದರಲ್ಲಿ ಒಂಬತ್ತು ಹೋದವು. ಉಳಿದದ್ದು ಒಂದು ಎತ್ತು, ಒಂದು ಮುದಿ ಆಕಳು. ಮಾರಿಯನ್ನು ಊರ ಸೀಮೆ ದಾಟಿಸುವ ಹಬ್ಬ ಮಾಡಿದರು. ಆ ವರ್ಷ ಹೊಲವನ್ನು ಬೇರೆಯವರಿಗೆ ಪಾಲಿಗೆ ಕೊಡಬೇಕಾಯಿತು. ಎತ್ತಿಲ್ಲದ ಒಕ್ಕಲಿಗನಿಗೆ ಊರಲ್ಲಿ ಯಾವ ಸ್ಥಾನವೆಂಬುದನ್ನು ಹಳ್ಳಿಯಿಂದ ಬಂದ ವಾಚಕರಿಗೆ ವಿವರಿಸಬೇಕಾಗಿಲ್ಲ.

ಅಜ್ಜಿ ಕಂಡದ್ದನ್ನು ಜಗತ್ತೆಲ್ಲ ಕಂಡಿತ್ತು. ಫ್ರಾನ್ಸಿನ ಲಿಯಾನ್ ನಗರದಲ್ಲಿ 1761ರಲ್ಲಿ ಮೊಟ್ಟಮೊದಲ ಪಶುವೈದ್ಯ ಶಾಲೆ ಸ್ಥಾಪನೆಯಾದದ್ದಕ್ಕೆ ಈ ರೋಗದ ಹಾವಳಿಯೇ ಮುಖ್ಯ ಕಾರಣ. ಆಫ್ರಿಕಾ ಖಂಡಕ್ಕೆ ಅದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನುಗ್ಗಿ, ಹಲವು ಕಡೆ ನೂರಕ್ಕೆ ಎಂಬತ್ತು ತೊಂಬತ್ತು ದನಗಳನ್ನು ಕೊಂದು, ಜನರನ್ನು ಕ್ಷಾಮಕ್ಕೆ ತಳ್ಳಿತು. ಕಾರಣವಾದ ವೈರಸ್ಸು ಮನುಷ್ಯರಿಗೆ ಬರುವ ದಡಾರದ ವೈರಸ್ಸಿನ ಹತ್ತಿರದ ಸಂಬಂಧಿ. ಇದರಲ್ಲೊಂದು ವಿಶೇಷವಿದೆ. ಬದುಕಿ ಉಳಿದ ದನಕ್ಕೆ ಜೀವಮಾನದಲ್ಲಿ ಮತ್ತೆ ಆ ರೋಗ ಬಾರದು. ಅಜ್ಜಿಯ ಆ ಎತ್ತು ಮುಂದೆ ಎಷ್ಟೋ ಮಾರಿಗಳ ನಡುವೆ ನಿರಾಳವಾಗಿ ನಡೆದಾಡಿರಬೇಕು. ಆ ಬಲ ಇದ್ದದ್ದು ಅದರ ರಕ್ತದಲ್ಲಿ.

ರಕ್ತದಲ್ಲಿ ಇಂಥ ಬಲವಿದೆಯೆಂದು 1890ರಲ್ಲಿ ಬರ್ಲಿನ್ನಿನಲ್ಲಿ ಬೇರಿಂಗ್ ಮತ್ತು ಕಿತಾಸಾಟೊ ತೋರಿಸಿಕೊಟ್ಟರು. ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ಹುಲ್ಲುಬಣ್ಣದ ತಿಳಿಯನ್ನು ಸೀರಂ ಎನ್ನುತ್ತಾರೆ. ರೋಗವನ್ನು ಎದುರಿಸಿ ಗೆದ್ದ ಪ್ರಾಣಿಯ ಸೀರಮ್ಮಿನಲ್ಲಿ ಆ ರೋಗಕ್ಕೇ ಮೀಸಲಾದ ಪ್ರತಿಕಾಯಗಳು ಇರುತ್ತವೆ. 1897ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಕೋಲೆ ಮತ್ತು ಟರ್ನರ್ ಎಂಬುವರು ಒಂದು ಸಾಹಸದ ಉಪಾಯ ಹೂಡಿದರು: ದನಕ್ಕೆ ಒಂದು ಕಡೆ ರೋಗಿಷ್ಠ ದನದ ರಕ್ತವನ್ನು ಚುಚ್ಚುವುದು, ಅದೇ ಹೊತ್ತಿಗೆ ಇನ್ನೊಂದು ಕಡೆ ರೋಗ ಗೆದ್ದ ದನದ ಸೀರಂ ಚುಚ್ಚುವುದು. ರೋಗವೂ ಬರಬೇಕು, ಸಾಯಲೂ ಬಾರದು ಎಂಬ ಲೆಕ್ಕ. ಮುಕ್ತೇಶ್ವರದಲ್ಲಿಯೂ ಸೀರಂ ತಯಾರಿಕೆ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಮೈಸೂರು ಸಂಸ್ಥಾನವು ಬೇರೆಯವರ ಬಾಗಿಲು ಕಾಯದೆ 1925ರಲ್ಲಿ ಬೆಂಗಳೂರಿನಲ್ಲಿ ತನ್ನದೇ ಮೈಸೂರು ಸೀರಂ ಇನ್‌ಸ್ಟಿಟ್ಯೂಟನ್ನು ತೆರೆಯಿತು. ದೊಡ್ಡರೋಗವನ್ನು ಹತೋಟಿಗೆ ತರುವುದೇ ಅದರ ಮೊದಲ ಉದ್ದೇಶ. ಹೆಬ್ಬಾಳದಲ್ಲಿರುವ ಇಂದಿನ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಅದರದೇ ಮುಂದುವರಿಕೆ.

ರಕ್ತವನ್ನು ಹೀಗೆ ದನದಿಂದ ದನಕ್ಕೆ ಸಾಗಿಸುವುದರಲ್ಲಿ ಒಂದು ತೊಡಕಿತ್ತು. ಬೇಕಾದ ರೋಗಾಣುವಿನ ಜೊತೆಗೆ ಬೇಡವಾದವೂ ಬರುತ್ತಿದ್ದವು. ಅವುಗಳಲ್ಲಿ ಉಣ್ಣೆಗಳಿಂದ ಹರಡುವ, ಕೆಂಪು ರಕ್ತಕಣಗಳನ್ನು ಹೊಕ್ಕು ಕೂರುವ ಪರೋಪಜೀವಿಗಳು ಮುಖ್ಯ. ಈ ಕಾಟ ತಪ್ಪಿಸಲು ಮುಕ್ತೇಶ್ವರದಲ್ಲಿ ಎಡ್ವರ್ಡ್ಸ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ವೈರಸ್ಸನ್ನು ಎತ್ತುಗಳ ಬದಲು ಆಡುಗಳಲ್ಲಿ ಬೆಳೆಸತೊಡಗಿದರು. ಆಡಿನಿಂದ ಆಡಿಗೆ ಸಾಗುತ್ತ ಹೋದಂತೆ ವೈರಸ್ಸು ಸಾಧುವಾಯಿತು. ದನಕ್ಕೆ ರಕ್ಷಣೆ ಕೊಡುವ ಗುಣ ಉಳಿದು, ಕೊಲ್ಲುವ ಗುಣ ಕುಗ್ಗಿತು. ಶುದ್ಧವಲ್ಲದ ರಕ್ತದ ಮಾದರಿಯ ಮೇಲಿನ ಬೇಸರವೇ ನಮ್ಮ ದೇಶಕ್ಕೆ ಲಸಿಕೆಯನ್ನು ತಂದುಕೊಟ್ಟಿತು ಎಂದರೆ ತಪ್ಪಾಗದು.

ಇದೇ ಕಾಲಕ್ಕೆ ಇನ್ನೊಂದು ಘಟನೆ ನಡೆದಿತ್ತು. 1920ರಲ್ಲಿ ಭಾರತದಿಂದ ಬ್ರೆಜಿಲ್ಲಿಗೆ ಹೊರಟಿದ್ದ ನಮ್ಮ ದೇಶೀ ದನಗಳು ನಡುವೆ ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನಲ್ಲಿ ತಂಗಿದವು. ಅವುಗಳೊಂದಿಗೆ ದೊಡ್ಡರೋಗವೂ ಇಳಿಯಿತು. ಯುರೋಪು ಗಾಬರಿಯಾಯಿತು. ಒಂದು ದೇಶದ ದನದ ರೋಗ ಎಲ್ಲ ದೇಶಗಳ ರೋಗವೆಂದು ಮನಗಂಡು, 1924ರ ಜನವರಿ 25ರಂದು ಪ್ಯಾರಿಸ್ಸಿನಲ್ಲಿ 28 ದೇಶಗಳು ಸೇರಿ ಅಂತಾರಾಷ್ಟ್ರೀಯ ಪಶುರೋಗ ಕಚೇರಿಯನ್ನು ಸ್ಥಾಪಿಸಿದವು. ಇದಕ್ಕೇ ಈಗ ವಿಶ್ವ ಪಶು ಆರೋಗ್ಯ ಸಂಸ್ಥೆ ಎಂಬ ಹೆಸರು. ನಮ್ಮ ದನಗಳ ಮೇಲಿನ ದೂರಿನಿಂದ ಹುಟ್ಟಿದ ಈ ಕಚೇರಿಯ ಎದುರಿಗೇ ಭಾರತ ಮುಂದೊಂದು ದಿನ ತನ್ನ ದನಗಳು ನಿರೋಗಿಗಳೆಂದು ರುಜುವಾತು ಮಾಡಬೇಕಾಗಿ ಬಂತು.

ಸ್ವಾತಂತ್ರ್ಯ ಬಂದ ಮೇಲೆ 1954ರಲ್ಲಿ ದೊಡ್ಡರೋಗ ನಿರ್ಮೂಲನದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಲಸಿಕೆಯ ಪೆಟ್ಟಿಗೆ ಹೊತ್ತ ಕಂಪೌಂಡರುಗಳು ಹಳ್ಳಿ ಹಳ್ಳಿ ಸುತ್ತಿದರು. ಮುಂದೆ ಕೆನ್ಯಾದಲ್ಲಿ ವಾಲ್ಟರ್ ಪ್ಲೌರೈಟ್ ಅವರು ಜೀವಕೋಶಗಳಲ್ಲಿ ಬೆಳೆಸಿ ತಯಾರಿಸಿದ, ಎಲ್ಲ ತಳಿಗೂ ಹೊಂದುವ ಲಸಿಕೆ ಆಡಿನ ಲಸಿಕೆಯ ಜಾಗಕ್ಕೆ ಬಂತು. ರೋಗ ತುಂಬ ತಗ್ಗಿತು, ಆದರೆ ಪೂರ್ತಿ ಹೋಗಲಿಲ್ಲ. ದಕ್ಷಿಣ ಭಾರತದಲ್ಲಿ ಅದು ಬೂದಿ ಮುಚ್ಚಿದ ಕೆಂಡದಂತೆ ಉಳಿಯಿತು. ಅದರ ಜೊತೆಗೆ ಗುರುತು ಹಿಡಿಯುವುದರಲ್ಲೂ ಗೊಂದಲ. ಕುರಿ ಆಡುಗಳಲ್ಲಿ ಅಂಥದೇ ಲಕ್ಷಣಗಳು ಕಂಡರೆ ಅದನ್ನೂ ದೊಡ್ಡರೋಗವೆಂದೇ ಬಗೆಯುತ್ತಿದ್ದರು. 1987ರಲ್ಲಿ ತಮಿಳುನಾಡಿನಲ್ಲಿ ಕಾಣಿಸಿಕೊಂಡ ಅಂಥ ರೋಗವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಎಸ್. ಶೈಲಾ ಮತ್ತು ಅವರ ಸಂಗಡಿಗರು ಪರೀಕ್ಷಿಸಿ, ಇದು ಬೇರೆಯೇ ವೈರಸ್ಸೆಂದು 1989ರಲ್ಲಿ ಪ್ರಕಟಿಸಿದರು. ಇದನ್ನೇ ಪಿಪಿಆರ್ ಎನ್ನುತ್ತಾರೆ. ಕಣ್ಣಿಗೆ ಒಂದಾಗಿ ಕಂಡದ್ದು ಪ್ರಯೋಗಶಾಲೆಯಲ್ಲಿ ಎರಡಾಯಿತು. ಶತ್ರು ಯಾರೆಂಬುದೇ ತಿಳಿಯದಿದ್ದರೆ ಅವನು ಊರು ಬಿಟ್ಟನೆಂದು ಹೇಳುವುದಾದರೂ ಹೇಗೆ?

1995ರಲ್ಲಿ ಭಾರತದಲ್ಲಿ ದೊಡ್ಡರೋಗದ ಕೊನೆಯ ಪ್ರಕರಣ ದಾಖಲಾಯಿತು. ಅಲ್ಲಿಗೆ ಕಥೆ ಮುಗಿಯಿತೆಂದು ವಾಚಕರು ಭಾವಿಸಬಹುದು. ನಿಜವಾದ ಪರೀಕ್ಷೆ ಆರಂಭವಾದದ್ದೇ ಅಲ್ಲಿಂದ. ನಮ್ಮಲ್ಲಿ ರೋಗವಿಲ್ಲ ಎಂದು ಸರ್ಕಾರ ಹೇಳಿದರೆ ಜಗತ್ತು ಏಕೆ ನಂಬಬೇಕು? ಕೋಟಿ ಕೋಟಿ ದನಗಳ ದೇಶ; ಯಾವ ಮೂಲೆಯ ಕೊಟ್ಟಿಗೆಯಲ್ಲಿ ಯಾವ ದನ ಕೆಮ್ಮಿತೋ ಯಾರು ಕಂಡಿದ್ದಾರೆ? ಇದೆ ಎಂದು ಸಾಧಿಸುವುದಕ್ಕೆ ಒಂದು ದನ ಸಾಕು. ಇಲ್ಲ ಎಂದು ಸಾಧಿಸುವುದು ಹೇಗೆ? ಇದಕ್ಕೆ ರಕ್ತವೇ ಸಾಕ್ಷಿಯಾಗಬೇಕಾಯಿತು. ವೈರಸ್ಸು ಒಮ್ಮೆ ಬಂದುಹೋಗಿದ್ದರೂ ಬದುಕಿದ ದನದ ಸೀರಮ್ಮಿನಲ್ಲಿ ಪ್ರತಿಕಾಯದ ಗುರುತು ಉಳಿದಿರುತ್ತದೆ. ದೇಶದ ಎಲ್ಲ ಭಾಗಗಳಿಂದ ಹಳ್ಳಿಗಳನ್ನು ಚೀಟಿ ಎತ್ತಿದಂತೆ ಆರಿಸಿ, ಅಲ್ಲಿಯ ದನಗಳ ರಕ್ತ ನೋಡಿ, ಎಲ್ಲಿಯೂ ಆ ಗುರುತು ಸಿಗದಿದ್ದರೆ ಆಗ ನಂಬಬಹುದು.

ಇಲ್ಲೊಂದು ಸಿಕ್ಕು. ಲಸಿಕೆ ಹಾಕಿಸಿಕೊಂಡ ದನದ ರಕ್ತದಲ್ಲೂ ಅದೇ ಪ್ರತಿಕಾಯ ಇರುತ್ತದೆ. ಅದು ರೋಗದಿಂದ ಬಂದದ್ದೋ ಸೂಜಿಯಿಂದ ಬಂದದ್ದೋ ರಕ್ತ ಹೇಳದು. ಆದ್ದರಿಂದ ಮೊದಲು ಲಸಿಕೆಯನ್ನೇ ನಿಲ್ಲಿಸಬೇಕಾಯಿತು. ದಶಕಗಳ ಕಾಲ ಕಾಪಾಡಿದ ಗುರಾಣಿಯನ್ನು ಕೆಳಗಿಡುವುದು ಸಣ್ಣ ಧೈರ್ಯವಲ್ಲ. ಆಮೇಲೆ, ಲಸಿಕೆ ನಿಲ್ಲಿಸಿದ ಬಳಿಕ ಹುಟ್ಟಿದ ದನಗಳ ರಕ್ತವನ್ನೇ ತೆಗೆಯಬೇಕು. ತೀರ ಎಳೆಯ ಕರುವೂ ಆಗದು. ತಾಯಿಯ ಗಿಣ್ಣು ಹಾಲಿನೊಡನೆ ತಾಯಿಯ ಪ್ರತಿಕಾಯಗಳೂ ಅದರ ಮೈಸೇರಿರುತ್ತವೆ. ದನಗಳಿಗೆ ಜನ್ಮಪತ್ರಿಕೆ ಇಲ್ಲ. ಹಾಗಾಗಿ ವಯಸ್ಸನ್ನು ತಿಳಿಯಲು ನಮ್ಮ ರೈತರ ಹಳೆಯ ವಿದ್ಯೆಯೇ ಬೇಕಾಯಿತು: ಬಾಯಿ ಬಿಡಿಸಿ ಹಲ್ಲು ನೋಡುವುದು. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು ಎಂದು ದನದ ಸಂತೆಯಲ್ಲಿ ಲೆಕ್ಕ ಹಾಕುವುದಿಲ್ಲವೆ, ಅದೇ.

ನಾವು ಇದನ್ನು ಕಣ್ಣಾರೆ ಕಂಡದ್ದು 2001ರ ಬೇಸಿಗೆಯಲ್ಲಿ. ಬಿ.ಎಸ್ಸಿ. ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತ ಊರಲ್ಲಿದ್ದೆವು. ತಾಲೂಕಿನ ದನದ ಡಾಕ್ಟರು ಮೋಟಾರ್ ಸೈಕಲ್ಲಿನ ಹಿಂದೆ ಐಸಿನ ಪೆಟ್ಟಿಗೆ ಕಟ್ಟಿಕೊಂಡು ಬಂದರು. ನಮ್ಮೂರ ಹೆಸರು ಪಟ್ಟಿಯಲ್ಲಿತ್ತು. ಅಜ್ಜಿಯ ಕೊಟ್ಟಿಗೆಯಲ್ಲಿ ಎರಡು ಹಲ್ಲಿನ ಒಂದು ಮಣಕವಿತ್ತು. ಅಜ್ಜಿ ಅಡ್ಡ ನಿಂತರು.

"ಬ್ಯಾನಿ ಇಲ್ಲ, ಬ್ಯಾಸರಿಲ್ಲ. ಆರಾಮ ಇದ್ದ ದನದ ನೆತ್ತರ ಯಾಕ ತಗೀತೀರಿ? ನಾಳೆ ಅದು ಹೈನ ಆಗಬೇಕು."

ಡಾಕ್ಟರು ಸಮಾಧಾನದ ಮನುಷ್ಯರು. "ಯವ್ವಾ, ದೊಡ್ಡ ಬ್ಯಾನಿ ಹೋಗೇತಿ ಅಂತ ದಿಲ್ಲಿಯವರಿಗೆ ಹೇಳಬೇಕಾಗೇತಿ. ನಾ ಹೇಳಿದರ ನಂಬೂದಿಲ್ಲ, ನೀವು ಹೇಳಿದರೂ ನಂಬೂದಿಲ್ಲ. ನಿಮ್ಮ ಮಣಕ ಹೇಳಿದರ ನಂಬತಾರ" ಎಂದರು.

ಅಜ್ಜಿ ಬಹಳ ಹೊತ್ತು ಖಾಲಿ ಗೂಟಗಳ ಕಡೆ ನೋಡಿದರು. ಆಮೇಲೆ ತಾವೇ ಮಣಕದ ಮೂಗುದಾಣ ಹಿಡಿದು ನಿಂತರು.

ರಕ್ತ ತೆಗೆಯುವ ಕೆಲಸ ನೋಡಲು ಸುಲಭ. ದನದ ಕತ್ತನ್ನು ಒಂದು ಪಕ್ಕಕ್ಕೆ ಎತ್ತಿ ಹಿಡಿಯಬೇಕು. ಕೊರಳ ಇಕ್ಕೆಲದ ತಗ್ಗಿನಲ್ಲಿ ಹರಿಯುವ ದೊಡ್ಡ ರಕ್ತನಾಳವನ್ನು ಕೆಳಗಡೆ ಹೆಬ್ಬೆರಳಿನಿಂದ ಒತ್ತಿದರೆ ಮೇಲ್ಭಾಗ ಹಗ್ಗದಂತೆ ಉಬ್ಬುತ್ತದೆ. ಸ್ಪಿರಿಟ್ಟಿನಲ್ಲಿ ಒರೆಸಿ, ಅದು ಆರಿದ ಮೇಲೆ ಸೂಜಿ ಹಾಕಿ ಐದು ಹತ್ತು ಮಿಲಿಲೀಟರು ತೆಗೆದರೆ ಸಾಕು. ಒಂದು ದನಕ್ಕೆ ಒಂದು ಸೂಜಿ. ಅದೇ ಸೂಜಿ ಇನ್ನೊಂದಕ್ಕೆ ಸಲ್ಲದು, ಇಲ್ಲವಾದರೆ ರೋಗ ಹುಡುಕಲು ಹೋಗಿ ರೋಗ ಹಂಚಿದಂತಾಗುತ್ತದೆ. ಕಷ್ಟವಿರುವುದು ತೆಗೆದ ಮೇಲೆ. ಸೀರಂ ಬೇಕಾದರೆ ರಕ್ತವನ್ನು ಏನನ್ನೂ ಬೆರೆಸದ ನಳಿಕೆಯಲ್ಲಿ ಬಿಡಬೇಕು. ರಕ್ತಕಣಗಳನ್ನು ಎಣಿಸಬೇಕಾದರೆ ಮಾತ್ರ ಹೆಪ್ಪುಗಟ್ಟದಂತೆ ಇಡಿಟಿಎ ಎಂಬ ಲವಣ ಹಾಕಿದ ನಳಿಕೆ. ಸೀರಮ್ಮಿನ ನಳಿಕೆಯನ್ನು ನೆರಳಿನಲ್ಲಿ ಓರೆಯಾಗಿ ಇಡಬೇಕು, ಅಲುಗಿಸಬಾರದು. ಅಲುಗಿಸಿದರೆ ಕೆಂಪು ಕಣಗಳು ಒಡೆದು, ತಿಳಿ ಹುಲ್ಲುಬಣ್ಣದ ಬದಲು ಕೆಂಪಾಗಿ ಪರೀಕ್ಷೆ ಕೆಡುತ್ತದೆ. ಹೆಪ್ಪುಗಟ್ಟುವ ಮೊದಲೇ ಐಸಿನಲ್ಲಿಟ್ಟರೂ ತಿಳಿ ಸರಿಯಾಗಿ ಬಿಡದು. ಇಡೀ ರಕ್ತವನ್ನು ಗಡ್ಡೆಗಟ್ಟಿಸಿದರಂತೂ ಕಣಗಳೆಲ್ಲ ಒಡೆದೇ ಹೋಗುತ್ತವೆ. ಹೆಪ್ಪು ಕುಗ್ಗಿದ ಮೇಲೆ ತಿಳಿಯನ್ನು ಬೇರೆ ಸೀಸೆಗೆ ತೆಗೆದು, ತಂಪಿನಲ್ಲಿ ಪ್ರಯೋಗಶಾಲೆಗೆ ಮುಟ್ಟಿಸಬೇಕು. ದೀರ್ಘಕಾಲ ಇಡಬೇಕಾದರೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಡುತ್ತಾರೆ.

ಹೀಗೆ ರಕ್ತ ತೆಗೆಯುವುದೇ ತಪ್ಪಾಗುವ ಸಂದರ್ಭಗಳೂ ಉಂಟು. ಊರಿಗೆ ಹೋದಾಗ ನೆನಪಿರಲೆಂದು ಒಂದನ್ನು ಹೇಳುತ್ತೇವೆ. ದನ ಇದ್ದಕ್ಕಿದ್ದಂತೆ ಸತ್ತು ಮೂಗು ಬಾಯಿಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಒಸರುತ್ತಿದ್ದರೆ ಅದು ನೆರಡಿ ರೋಗವಿರಬಹುದು. ಅಂಥ ಹೆಣವನ್ನು ಕೊಯ್ಯಬಾರದು. ಗಾಳಿ ತಗುಲಿದರೆ ಅದರ ರೋಗಾಣು ಬೀಜಕಗಳಾಗಿ ಮಣ್ಣಿನಲ್ಲಿ ವರ್ಷಗಟ್ಟಲೆ ಬಾಳುತ್ತದೆ; ಮನುಷ್ಯರಿಗೂ ತಗಲುತ್ತದೆ. ಬಲ್ಲವರು ಬಂದು ಕಿವಿಯ ನಾಳದಿಂದ ಒಂದು ಹನಿ ತೆಗೆದು ಗಾಜಿನ ಪಟ್ಟಿಯ ಮೇಲೆ ಸವರಿಕೊಂಡು ಹೋಗುತ್ತಾರೆ. ಒಂದು ಹನಿಯೇ ಸಾಕು.

ಇರಲಿ, ನಮ್ಮೂರಿಗೆ ಮರಳೋಣ. ಆ ದಿನ ಡಾಕ್ಟರು ಒಬ್ಬರೇ ಬಂದಿದ್ದರು. ವಿಜ್ಞಾನ ಓದಿದವರು ನಾವು, ಸಹಾಯಕ್ಕೆ ನಿಂತೆವು. ನಳಿಕೆಗಳಿಗೆ ಅಂಟಿಸುವ ಚೀಟಿ ಬರೆಯುವ ಕೆಲಸ ನಮ್ಮ ಪಾಲಿಗೆ ಬಂತು: ಊರು, ಒಡೆಯನ ಹೆಸರು, ದನದ ಜಾತಿ, ಹಲ್ಲು, ಹೆಣ್ಣೋ ಗಂಡೋ, ತಾರೀಖು, ಅನುಕ್ರಮ ಸಂಖ್ಯೆ. ಡಾಕ್ಟರು ಸೀಸದ ಕಡ್ಡಿ ಕೊಟ್ಟಿದ್ದರು. ನಮಗೋ ಆಗ ಹೊಸದಾಗಿ ಬಂದಿದ್ದ ಜೆಲ್ ಪೆನ್ನಿನ ಮೋಹ. ಅಕ್ಷರ ಮುತ್ತಿನಂತೆ ಬರುತ್ತದೆಂದು ಅದರಲ್ಲೇ ಕೆಲವನ್ನು ಬರೆದೆವು.

ಮರುದಿನ ಬೆಳಿಗ್ಗೆ ಡಾಕ್ಟರು ಮತ್ತೆ ಬಾಗಿಲಲ್ಲಿ ನಿಂತಿದ್ದರು. ಐಸು ಕರಗಿ ಪೆಟ್ಟಿಗೆಯಲ್ಲಿ ನೀರಾಗಿತ್ತು. ಮೂರು ಚೀಟಿಗಳಲ್ಲಿ ನೀಲಿ ಕಲೆಯಲ್ಲದೆ ಬೇರೇನೂ ಉಳಿದಿರಲಿಲ್ಲ. ಅವುಗಳಲ್ಲಿ ಒಂದು ಅಜ್ಜಿಯ ಮಣಕದ್ದು. ನಾವು ನಾಚಿ, ಉಳಿದ ಸಂಖ್ಯೆಗಳನ್ನು ಹಿಡಿದು ಈ ಮೂರು ಯಾವುವೆಂದು ಊಹಿಸಿ ಬರೆಯಬಹುದಲ್ಲ ಎಂದೆವು. ಮೂರೂ ಆರೋಗ್ಯವಾಗಿದ್ದ ದನಗಳೇ, ಹೇಗೆ ಬರೆದರೇನು ವ್ಯತ್ಯಾಸ?

"ಬರೀಬಹುದು. ಯಾರಿಗೂ ಗೊತ್ತಾಗೂದಿಲ್ಲ" ಎಂದರು ಅವರು. "ಆದರ ತಮ್ಮಾ, ನಾಳೆ ಆ ಮೂರರಾಗ ಒಂದರಾಗ ಏನರ ಕಂಡರ ಯಾರ ಮನೀಗಿ ಹೋಗಲಿ? ಹೆಸರಿಲ್ಲದ ರಕ್ತ ಸಾಕ್ಷಿ ಹೇಳೂದಿಲ್ಲ. ಚೆಲ್ಲಿ ಬಂದೀನಿ."

ಹದಿನಾಲ್ಕು ಕಿಲೋಮೀಟರು ಬಿಸಿಲಲ್ಲಿ ಮತ್ತೆ ಬಂದಿದ್ದರು. ಅಜ್ಜಿಗೆ ಕಾರಣವನ್ನೂ ಮುಚ್ಚಿಡದೆ ಹೇಳಿದರು. ಅಜ್ಜಿ ನಮ್ಮನ್ನೊಮ್ಮೆ ನೋಡಿ, "ಸಾಲಿ ಕಲತು ಇಷ್ಟs ಏನೋ?" ಎಂದು, ಮತ್ತೆ ಮೂಗುದಾಣ ಹಿಡಿದರು. ಈ ಸಲ ಸೀಸದ ಕಡ್ಡಿಯಿಂದ ಬರೆದೆವು. ಮುಂದೆ ಕೇಂದ್ರ ಸರ್ಕಾರದ ಗುಮಾಸ್ತರಾಗಿ, ಕಡತಗಳ ನಡುವೆ ನಮ್ಮ ಅರ್ಧ ಆಯುಷ್ಯ ಕಳೆದಿದೆ. ಒಂದು ಅಂಕಿ ಕಾಣಿಸದಿದ್ದರೆ ಊಹಿಸಿ ತುಂಬಲು ಕೈ ಹೋಗುವ ಹೊತ್ತು ಎಲ್ಲ ಕಚೇರಿಗಳಲ್ಲೂ ಬರುತ್ತದೆ. ಆಗೆಲ್ಲ ಆ ಮಾತು ಕಿವಿಯಲ್ಲಿ ಕೇಳಿಸುತ್ತದೆ.

ಹೀಗೆ ಸಂಗ್ರಹಿಸಿದ ಸೀರಂ ಪ್ರಯೋಗಶಾಲೆಗಳಿಗೆ ಹೋಗುತ್ತಿತ್ತು. ಅಲ್ಲಿ ಎಂಟು ಸಾಲು, ಹನ್ನೆರಡು ಕಂಬದಂತೆ 96 ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಎಲೈಸಾ ಪರೀಕ್ಷೆ. ನಮ್ಮ ಚೌಕಾಬಾರದ ಮನೆಯ ಹಾಗೆ ಎನ್ನಿ. ಗುಳಿಯಲ್ಲಿ ವೈರಸ್ಸಿನ ಅಂಶವಿರುತ್ತದೆ. ಅದರ ಮೇಲೆ ದನದ ಸೀರಮ್ಮನ್ನೂ, ಪ್ರಯೋಗಶಾಲೆಯಲ್ಲಿ ತಯಾರಿಸಿದ ಗುರುತಿನ ಪ್ರತಿಕಾಯವನ್ನೂ ಹಾಕುತ್ತಾರೆ. ಎರಡೂ ಒಂದೇ ಜಾಗಕ್ಕೆ ಪೈಪೋಟಿ ನಡೆಸುತ್ತವೆ. ದನದ ಸೀರಮ್ಮಿನಲ್ಲಿ ಪ್ರತಿಕಾಯವಿಲ್ಲದಿದ್ದರೆ ಗುರುತಿನದ್ದು ಹೋಗಿ ಕೂತು, ಕೊನೆಗೆ ಬಣ್ಣ ಗಾಢವಾಗಿ ಬರುತ್ತದೆ. ದನದ ಪ್ರತಿಕಾಯವಿದ್ದರೆ ಜಾಗ ಮೊದಲೇ ಭರ್ತಿ, ಬಣ್ಣ ಮಂಕು. ಬಣ್ಣ ಮಂಕಾದ ಗುಳಿ ಕಂಡರೆ ಆ ಸಂಖ್ಯೆಯ ಜಾಡು ಹಿಡಿದು ಆ ಊರಿಗೆ, ಆ ಕೊಟ್ಟಿಗೆಗೆ ಮರಳಿ ಹೋಗಿ ವಿಚಾರಿಸಬೇಕು. ಚೀಟಿ ಅಳಿಸಿದರೆ ದಾರಿಯೇ ಅಳಿಸಿದಂತೆ.

ವರ್ಷಗಳ ಕಾಲ ಹೀಗೆ ಸಾಗಿದ ಕೆಲಸದ ಫಲವಾಗಿ, 2004ರ ಮೇ ತಿಂಗಳಲ್ಲಿ ಭಾರತವು ದೊಡ್ಡರೋಗದಿಂದ ಮುಕ್ತವೆಂದೂ, 2006ರ ಮೇ ತಿಂಗಳಲ್ಲಿ ಅದರ ಸೋಂಕಿನಿಂದಲೂ ಮುಕ್ತವೆಂದೂ ಪ್ಯಾರಿಸ್ಸಿನ ಆ ಕಚೇರಿ ಮಾನ್ಯ ಮಾಡಿತು. ಆಂಟ್‌ವರ್ಪ್ ಬಂದರಿನ ಕಳಂಕ ಎಂಬತ್ತಾರು ವರ್ಷಗಳ ಮೇಲೆ ತೊಳೆದುಹೋಯಿತು. 2011ರ ಮೇ 25ರಂದು ಇಡೀ ಜಗತ್ತೇ ಈ ರೋಗದಿಂದ ಮುಕ್ತವೆಂದು ಘೋಷಣೆಯಾಯಿತು. ಜೂನ್ 28ರಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯೂ ಅದನ್ನೇ ಸಾರಿತು. ಮನುಷ್ಯ ಭೂಮಿಯಿಂದ ಪೂರ್ತಿ ಅಳಿಸಿದ ರೋಗಗಳು ಎರಡೇ: ಸಿಡುಬು ಮತ್ತು ದೊಡ್ಡರೋಗ. ಸಿಡುಬು ಹೋದದ್ದು ಎಲ್ಲರಿಗೂ ಗೊತ್ತು. ದೊಡ್ಡರೋಗ ಹೋದದ್ದನ್ನು ನಮ್ಮ ಕಚೇರಿಯಲ್ಲಿ ಹತ್ತು ಜನರನ್ನು ಕೇಳಿದೆವು, ಒಬ್ಬರಿಗೂ ತಿಳಿದಿರಲಿಲ್ಲ.

ಅಜ್ಜಿಗೂ ತಿಳಿಯಲಿಲ್ಲ. ಅವರು 2005ರ ಚಳಿಗಾಲದಲ್ಲಿ ತೀರಿಕೊಂಡರು. ಅವರ ಮಣಕ ಹೇಳಿದ ಸಾಕ್ಷಿಯನ್ನು ದಿಲ್ಲಿಯವರು ನಂಬಿದರು, ಪ್ಯಾರಿಸ್ಸಿನವರೂ ನಂಬಿದರು ಎಂದು ಅವರಿಗೆ ಹೇಳುವ ಭಾಗ್ಯ ನಮಗಿರಲಿಲ್ಲ.

ರಕ್ತದ ಕೆಲಸ ಅಲ್ಲಿಗೇ ನಿಂತಿಲ್ಲ. ಬೆಂಗಳೂರಿನ ಯಲಹಂಕದಲ್ಲಿರುವ ನಿವೇದಿ ಎಂಬ ರಾಷ್ಟ್ರೀಯ ಸಂಸ್ಥೆಯಲ್ಲಿ ದೇಶದ ದನಕರು, ಕುರಿ ಮೇಕೆಗಳ ಸೀರಮ್ಮಿನ ಭಂಡಾರವನ್ನೇ ಕಾಯ್ದಿಟ್ಟಿದ್ದಾರೆ. 2019ರಲ್ಲಿ ಕಾಲುಬಾಯಿ ಜ್ವರ ಮತ್ತು ಕಂದುರೋಗಗಳ ಮೇಲೆ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಲಸಿಕೆ ಹತ್ತಿತೋ ಇಲ್ಲವೋ ಎಂಬುದನ್ನು ಅದರಲ್ಲೂ ಸೀರಮ್ಮಿನಿಂದಲೇ ತಿಳಿಯಬೇಕು. ಕಂದುರೋಗ ದನ ಗಬ್ಬ ಕಳೆದುಕೊಳ್ಳುವಂತೆ ಮಾಡುವುದಷ್ಟೇ ಅಲ್ಲ, ಹಸಿಹಾಲಿನಿಂದಲೂ, ಬರಿಗೈಯಲ್ಲಿ ಸತ್ತೆ ಎತ್ತುವುದರಿಂದಲೂ ಮನುಷ್ಯರಿಗೆ ಹತ್ತುತ್ತದೆ. ರಜೆಯಲ್ಲಿ ಊರಿಗೆ ಹೋಗಿ ನೊರೆಹಾಲು ಕುಡಿಯುವ ನಮ್ಮ ಮಕ್ಕಳಿಗೂ ಇದು ಸಂಬಂಧಿಸಿದ ಮಾತು. ಹಾಲನ್ನು ಕಾಯಿಸಿಯೇ ಕೊಡಿ.

ಪುಣೆ, ಮುಂಬಯಿಗಳಲ್ಲಿ ನೆಲೆಸಿದ ನಮ್ಮಲ್ಲನೇಕರಿಗೆ ಊರಲ್ಲಿ ಇನ್ನೂ ಒಂದು ಕೊಟ್ಟಿಗೆ ಉಂಟು. ಅಣ್ಣನದೋ ಚಿಕ್ಕಪ್ಪನದೋ ಒಂದೆರಡು ದನ ಉಂಟು. ಮುಂದಿನ ಮೇ ತಿಂಗಳಲ್ಲಿ ಹೋದಾಗ, ಆರಾಮವಾಗಿರುವ ದನದ ರಕ್ತ ಕೇಳಿಕೊಂಡು ದನದ ಡಾಕ್ಟರು ಬಾಗಿಲಿಗೆ ಬಂದರೆ, ಮನೆಯ ಹಿರಿಯರು ಬೇಡವೆನ್ನಬಹುದು. ಅವರಿಗೆ ಎರಡು ಮಾತು ತಿಳಿಯಹೇಳಿ, ಹಗ್ಗ ಹಿಡಿದು ನಿಲ್ಲಿ. ಹಾಗೆಯೇ, ಚೀಟಿಯನ್ನು ಸೀಸದ ಕಡ್ಡಿಯಿಂದ ಬರೆದಿದ್ದಾರೆಯೇ ಎಂದು ಒಮ್ಮೆ ನೋಡಿ.